ಹಿಡಿದ ದುಡ್ಡು

ರಿಜಿಸ್ಟರ್ ಪೋಸ್ಟು. ಸಹಿ ಹಾಕುವಾಗ
ಬೆರಳಿಗಂಟಿದ ನಾರಿನ ಹುಡಿ
ಪೋಸ್ಟ್‌ಮ್ಯಾನ್ ಪುಸ್ತಕದ ಮೇಲೂ ಉದುರಿತು.
ಅವನು ಊದಿದ. ಹೋದ.

ಕಂದು ಲಕೋಟೆ. ನಮ್ಮ ಅರಸೀಕೆರೆ ಬಿಸಿಲಿಗೆ
ಮಟ್ಟೆಯೂ ಇದೇ ಬಣ್ಣಕ್ಕೆ ಒಣಗುತ್ತದೆ.
ಒಳಗೆ ಎರಡು ಹಾಳೆ, ಎರಡು ಕಲಮು:
ಹದಿನಾಲ್ಕು ಬಿ, ದಂಡ. ಏಳು ಕ್ಯೂ, ಬಡ್ಡಿ.
ಗಂಗೋತ್ರಿ ಕಾಯರ್ ವರ್ಕ್ಸ್‌ನ ಮಾಲೀಕರು,
ಶ್ರೀ ವಿಶಾಲಾಕ್ಷಿ ಎಂದಿತ್ತು. ಶ್ರೀಮತಿ ಎಂದಿರಬೇಕಿತ್ತು.
ಅದನ್ನೇ ತಕರಾರು ಮಾಡೋಣವೇ ಎಂದು
ಒಂದು ಗಳಿಗೆ ಆಸೆಯಾಯಿತು.

ಆಡಿಟರ್ ಜಿನದತ್ತಯ್ಯ ಫೋನಿನಲ್ಲೇ ಆಕಳಿಸಿದರು:
"ಎಲ್ಲರಿಗೂ ಬರುತ್ತಮ್ಮ. ಮೋಟರ್ ಸುಟ್ಟದ್ದು ಬರೀರಿ,
ಬಿಲ್ಲು ಲಗತ್ತಿಸಿ. ಹಿಯರಿಂಗ್ ದಿನ
ಚಿಕ್ಕಮಗಳೂರಿಗೆ ಹೋಗಿ ಬನ್ನಿ.
ಮಡಚಿ ಕಪಾಟಿನಲ್ಲಿ ಮಾತ್ರ ಇಡಬೇಡಿ,
ಕತ್ತಲಲ್ಲಿ ಅದು ಮರಿ ಹಾಕುತ್ತೆ."

ಮೋಟರ್ ಸುಟ್ಟದ್ದು ನಿಜ.
ಜೂನ್ ಒಂಬತ್ತು, ಊಟದ ಹೊತ್ತು, ಒಂದು ಫೇಸು ಹೋಗಿ
ಸೀದ ವಾಸನೆ ಸಾರಿನ ಡಬ್ಬಿಗಳವರೆಗೂ ಬಂತು.
ಕಾಯಿಲ್ ಕಟ್ಟುವವನು ಮುಂಗಡ ಕೇಳಿದ್ದೂ ನಿಜ.
ಬಿಲ್ಲಿನಲ್ಲಿಲ್ಲದ ನಿಜ ಇನ್ನೊಂದಿದೆ:
ಆ ಮುಂಗಡ ನನ್ನ ದುಡ್ಡಲ್ಲ.

ಇಪ್ಪತ್ತಮೂರು ಜನರ ಸಂಬಳದಲ್ಲಿ
ನೂರಕ್ಕೆ ಹನ್ನೆರಡು ಹಿಡಿದಿದ್ದೆ.
ಹಿಡಿಯುವುದು! ಎಂಥ ಮಾತು ನೋಡಿ.
ಕಳ್ಳನನ್ನು ಹಿಡಿಯುತ್ತೇವೆ,
ಬೀಳುವ ಮಗುವನ್ನು ಹಿಡಿಯುತ್ತೇವೆ,
ಸಂಬಳವನ್ನೂ.
ಹದಿನೈದನೇ ತಾರೀಕಿನೊಳಗೆ ಬಿಡಬೇಕಿತ್ತು.
ಬಿಡಲಿಲ್ಲ. ಜುಲೈ, ಆಗಸ್ಟ್‌ನಲ್ಲೂ ಬಿಡಲಿಲ್ಲ.
ಸೆಪ್ಟೆಂಬರಿಗೆ ಹಗ್ಗದ ಲೋಡಿನ ಬಾಕಿ ಬಂದು
ನನ್ನ ಪಾಲು, ಅವರ ಪಾಲು, ಮೂರು ತಿಂಗಳದ್ದೂ ಕಟ್ಟಿ
ಮುಗಿಯಿತು ಅಂದುಕೊಂಡೆ.

ಉತ್ತರ ಬರೆಯಲು ಕೂತೆ. 'ಮಾನ್ಯರೇ'ವರೆಗೆ ಬಂದಿತ್ತು.
ಟೀ ಇಡಲು ಬಂದ ಸಣ್ಣೀರಮ್ಮ
ಲಕೋಟೆಯ ಮುದ್ರೆ ನೋಡಿ ಅಂದಳು:
"ಪಿಎಫ್‌ದಾ ಅಕ್ಕ? ನಂಗೂ ಪೋನಿಗೆ ತಿಂಗ್ಳಾ ಬತ್ತದೆ,
ಮೊಮ್ಮಗ್ಳು ಓದಿ ಹೇಳ್ತಾಳೆ.
ಮದ್ದೆ ಮೂರ್ ತಿಂಗ್ಳು ಬರ್ಲೇ ಇಲ್ಲ ನೋಡು.
ನಮ್ಮಟ್ಟೀಲಿ ಟವರ್ ಸರಿಗಿಲ್ಲ ಅಂತ
ಸೂರಿನ ಮ್ಯಾಲೆ ಇಡ್ತಿದ್ದೆ ಪೋನ.
ಆಮ್ಯಾಕೆ ಒಂದಿನ ಮೂರೂ ಒಟ್ಗೆ
ಟಣ್ ಟಣ್ ಟಣ್ ಅಂತ ಬಂದೋ."
ನಕ್ಕಳು. ನಾರಿನ ಗುಡ್ಡೆಗೆ ವಾಪಸು ಹೋದಳು.
ಟೀ ಆರಿತು.

ಕಡೂರಿನಲ್ಲಿ ಬಸ್ಸು ಬದಲಿಸಿ ಚಿಕ್ಕಮಗಳೂರು.
ಬೆಂಚಿನಲ್ಲಿ ನನ್ನ ಪಕ್ಕ ಕ್ವಾರಿಯವನೊಬ್ಬ,
ಆಚೆಗೆ ನರ್ಸಿಂಗ್ ಹೋಮಿನ ಗುಮಾಸ್ತ.
ಎಲ್ಲರ ತೊಡೆಯ ಮೇಲೂ ಅದೇ ಲಕೋಟೆ,
ಮದುವೆ ಕಾಗದದಷ್ಟು ಹುಷಾರಾಗಿ.
ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೆಗಡಿಯಾಗಿತ್ತು.
"ತಡಕ್ಕೆ ಕಾರಣ?"
ಬಿಲ್ಲು ತೆಗೆದು ಕೊಟ್ಟೆ. ನಾನೇನು
ಹರಿಶ್ಚಂದ್ರನ ವಂಶದವಳಲ್ಲ.
ಆಮೇಲೆ ಯಾಕೋ ಒಂದು ಮಾತು ಹೆಚ್ಚಿಗೆ ಬಂತು:
"ದುಡ್ಡು ಅವರದ್ದಿತ್ತು ಮೇಡಂ."
ಅವಳು ತಲೆಯೆತ್ತಿದಳು. ಆ ಮಾತಿಗೆ
ಅವಳ ಫಾರಂನಲ್ಲಿ ಕಾಲಮ್ಮಿರಲಿಲ್ಲ.
ಮೂಗೊರೆಸಿಕೊಂಡು ಅಂದಳು, ಏಳು ಸಾವಿರದ
ಒಂಬೈನೂರ ಹದಿನಾರು. ಆನ್‌ಲೈನಲ್ಲೇ ಕಟ್ಟಬಹುದು.

ಈಗ ಹತ್ತನೇ ತಾರೀಕಿಗೇ ಕಟ್ಟುತ್ತೇನೆ.
ಒಂದೆರಡು ದಿನ ಬಿಟ್ಟು, ಹುರಿಯ ಚಕ್ರ ನಿಂತಾಗ,
ಕಿಟಕಿಯಲ್ಲಿ ಸಾಲಾಗಿಟ್ಟ ಫೋನುಗಳು
ಒಂದೊಂದೇ ಕುಂಯ್‌ಗುಡುತ್ತವೆ.
ಹೋದ ತಿಂಗಳು ಸಣ್ಣೀರಮ್ಮನದು ಸದ್ದು ಮಾಡಲಿಲ್ಲ.
ಅವಳು ಏನೂ ಕೇಳಲಿಲ್ಲ.
ನಾನು ಚಲನ್ ತೆಗೆದು ಸಾಲು ಸಾಲು ಬೆರಳಿಟ್ಟು ನೋಡಿದೆ.
ಹೆಸರಿತ್ತು, ನಂಬರಿತ್ತು, ಮೊತ್ತವಿತ್ತು.
ಈ ಸಲ ನಿಜಕ್ಕೂ ಟವರೇ ಇರಲಿಲ್ಲ.

ಅವಳ ಫೋನು ತೆಗೆದುಕೊಂಡು ಅಂಗಳಕ್ಕೆ ಬಂದೆ.
ಮಟ್ಟೆಯ ರಾಶಿ ಹತ್ತಿ, ಸೀರೆ ನೆರಿಗೆ ಎತ್ತಿ ಸಿಕ್ಕಿಸಿ,
ಆಕಾಶಕ್ಕೆ ಚಾಚಿ ನಿಂತೆ.
ಕೆಳಗೆ ಹುಡುಗಿಯರು ಕಿಸಕ್ಕೆಂದರು.
ಕೈ ಸೋತಿತು. ಆದರೂ
ಹಿಡಿದೇ ಇದ್ದೆ.