ಮುರಿದ ಸೂಜಿಯ ರಿಜಿಸ್ಟರ್

ಕೌಲ್ ಬಜಾರಿನ ಈ ಓಣಿಯಲ್ಲಿ ಸೂಜಿ ಮುರಿದರೆ
ಯಾರೂ ತಲೆ ಎತ್ತುವುದಿಲ್ಲ.
ಡಬ್ಬಿಯಿಂದ ಇನ್ನೊಂದು ತೆಗಿ, ಹಾಕು, ತುಳಿ.
ನಾನೊಬ್ಬಳೇ ಮಷೀನು ನಿಲ್ಲಿಸಿ
ನೆಲಕ್ಕೆ ಮಂಡಿಯೂರುತ್ತೇನೆ.
"ತಿಪ್ಪಕ್ಕಗ ಜೋರ್ಡಾನ್ ಬಂತು" ಅಂತಾನೆ
ಕಟಿಂಗ್ ಮಾಸ್ತರ ಖಾಸಿಂಪೀರ,
ಮೈಮೇಲೆ ದೇವರು ಬಂತು ಅಂದಂಗೆ.

ಮೂರು ವರ್ಷ ಅಲ್ಲಿ.
ಇರ್ಬಿದ್ ಎಂಬ ಊರ ಹೊರಗೆ, ತಗಡಿನ ಸೂರಿನಡಿ
ಹನ್ನೊಂದನೇ ಲೈನು.
ನನ್ನದು ಎಡಗಾಲಿನ ಒಳಹೊಲಿಗೆ.
ಮುಂದೆ ನಿಲ್ಮಿನಿ, ಜೇಬು; ಹಿಂದೆ ಶೆಫಾಲಿ, ಜಿಪ್ಪು;
ಮಾಯಾ ಗುರುಂಗ್ ಗುಂಡಿ;
ಕೊನೆಗೆ ದಾರ ಕತ್ತರಿಸುವ ವೂಹಾಂಗಿ.
ಅವಳ ದೇಶ ನಕಾಶೆಯಲ್ಲಿ
ಆಫ್ರಿಕಾದ ಮಗ್ಗುಲಿಗೆ ಬಿಟ್ಟ ಒಂಟಿ ಚಪ್ಪಲಿ.

ತಾನಂದರೆ ಮಣಿ ಎಂದಳು, ಕೊರಳು ಮುಟ್ಟಿ ತೋರಿಸಿ.
ನೀನು?
ಇಬ್ಬರು ಸತ್ತ ಮೇಲೆ ಹುಟ್ಟಿದವಳು,
ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಇಟ್ಟ ಹೆಸರು;
ಇದನ್ನ ಯಾವ ಭಾಷೆಯಲ್ಲಿ ಹೇಳಲಿ?
ಮಣ್ಣು ಅಂದೆ.
ಒತ್ತು ಯಾರಿಗೂ ಬರಲಿಲ್ಲ. ತೀಪಾ ಅಂದರು.

ಒಂದು ಶುಕ್ರವಾರ ಶೆಫಾಲಿಯ ಡಬ್ಬಿಯಲ್ಲಿ ಮುಡಿ.
ನೋಡಿದರೆ ನಮ್ಮ ಮಂಡಕ್ಕಿ!
ಖುಷಿಗೆ ಅಷ್ಟನ್ನೂ ನೆನೆಸಿ, ಹಿಂಡಿ
ಒಗ್ಗಾಣಿ ಮಾಡಿಬಿಟ್ಟೆ.
ಅವಳು ಅತ್ತಳು.
ಅಣ್ಣ ಊರಿಂದ ಕಳಿಸಿದ್ದಂತೆ,
ದಿನಕ್ಕೊಂದು ಹಿಡಿ, ಗರಿಗರಿ ತಿನ್ನುತ್ತಿದ್ದಳಂತೆ.
ಎರಡು ದಿನ ಮಾತಿಲ್ಲ.

ಮೂರನೆಯ ದಿನ ಸೂಜಿ ಮುರಿಯಿತು.
ಅಲ್ಲಿಯ ಕಾನೂನು: ಚೂರೆಲ್ಲ ಸಿಗಬೇಕು,
ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಸಹಿ ಮಾಡಬೇಕು,
ಅಲ್ಲಿವರೆಗೆ ಲೈನು ಬಂದ್.
ಎಲ್ಲರೂ ನೆಲಕ್ಕೆ. ನೀಲಿ ಧೂಳಿನಲ್ಲಿ
ಬೆರಳು, ಬಳೆ, ಅಯಸ್ಕಾಂತ.
ಶೆಫಾಲಿಯ ಹಣೆ ನನ್ನ ಹಣೆಗೆ ಬಡಿಯಿತು.
ಆಗ ಮೂಲೆಯಿಂದ ವೂಹಾಂಗಿ ಕೂಗಿದಳು: "ಹಿತಾಕು!"
ನನಗೆ ಕೇಳಿದ್ದು ಹಿಟ್ಟಾಕು.
ಇಷ್ಟೊತ್ತಿನಲ್ಲಿ ಯಾರಿಗೆ ಹಿಟ್ಟು, ಯಾವ ಗಂಗಾಳಕ್ಕೆ?
ನಕ್ಕೆ, ತಡೆಯಲಾರದೆ ನಕ್ಕೆ.
ಏನೂ ತಿಳಿಯದೆ ಶೆಫಾಲಿಯೂ ನಕ್ಕಳು.

ಹಂಬುನಾ. ಪಾಯ್ಸಿ. ಭೇಟೆಂ. ಹಿತಾಕು.
ಸಿಕ್ಕಿತು ಅನ್ನೋದಷ್ಟೇ ನಾನು ಕಲಿತದ್ದು.
ಕಳೆಯಿತು ಅನ್ನೋದನ್ನ ಯಾರೂ ಹೇಳಿಕೊಡಲಿಲ್ಲ,
ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಮಾಯಾ ಈಗ ಕತಾರಿನಲ್ಲಂತೆ.
ನಿಲ್ಮಿನಿಯ ನಂಬರು ಹತ್ತುವುದಿಲ್ಲ.

ಇಲ್ಲಿ ಮಧ್ಯಾಹ್ನದ ಕರೆಂಟು ಹೋಗಿದೆ.
ಕೋಟೆಗುಡ್ಡದ ಬಂಡೆ ಕಾದು
ಓಣಿಯೊಳಗೆ ಉಸಿರು ಬಿಡುತ್ತಿದೆ.
ಮೊಬೈಲಿನ ಬೆಳಕು ಹಿಡಿದು ಹುಡುಕುತ್ತೇನೆ.
ತುದಿ, ನನ್ನದೇ ಚಪ್ಪಲಿಯ ಅಟ್ಟೆಯಲ್ಲಿ ನೆಟ್ಟಿದೆ.
"ಹಿತಾಕು."
ಮಿರ್ಚಿ ಕಡಿಯುತ್ತಾ ಖಾಸಿಂಪೀರ:
"ಹಿಟ್ಟಾ? ಯಾರಿಗಕ್ಕ?"

ಪೀಸ್ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗೆ
ಚೂರು ಅಂಟಿಸಿ, ತಾರೀಖು ಬರೆದು
ಸಹಿ ಮಾಡುತ್ತೇನೆ:
ತೀಪಾ.