ತವರದ ಬೆಲೆ

ನ್ಯೂಲಿನ್ ಬಂದರಿನ ಮೀನು ಹರಾಜಿನಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದ ಡೆನ್ಝಿಲ್ ಟ್ರೆಗೆಂಜಾ
ರಕ್ತದೊತ್ತಡದ ಮಾತ್ರೆಗೆ ನನ್ನ ಔಷಧಿ ಅಂಗಡಿಗೆ ಬರುತ್ತಾನೆ,
ಗುರುವಾರ, ಮೂರು ಗಂಟೆಗೆ, ಒದ್ದೆ ಟೋಪಿ ಕಂಕುಳಲ್ಲಿ.
‘ನಿನ್ನೆ ನೂರ ಎಪ್ಪತ್ತು ಬಂತು’ ಅಂತ ಗಾಬರಿ.
ಒಂದು ಸಲದ ಅಂಕಿ ಅಂಕಿಯಲ್ಲ, ಅಂದೆ,
ವಾರವಿಡೀ ಬರೆದು ತನ್ನಿ, ಸರಾಸರಿ ನೋಡೋಣ.
ನಕ್ಕ. ಕೋಟಿನೊಳಗಿಂದ ಚೌಕಳಿ ಪುಸ್ತಕ ತೆಗೆದ.
‘ನಾನು ಷೇರಿಗೆ ಮಾಡುವುದೂ ಇದನ್ನೇ, ಮಗಳೆ.’

ನೀಲಿ ಮಸಿಯಲ್ಲಿ ದಿನದಿನದ ಬೆಲೆ, ಗರಗಸದ ಹಲ್ಲು.
ಅದರ ನಡುವೆ ಹಾದು ಪೆನ್ಸಿಲ್ಲಿನ ಒಂದೇ ಗೆರೆ,
ಇನ್ನೂರು ದಿನ ಕೂಡಿ ಇನ್ನೂರರಿಂದ ಭಾಗಿಸಿದ್ದು,
ಉಂಡು ಮಲಗಿದವನ ಹೊಟ್ಟೆಯ ಹಾಗೆ ನಿಧಾನ.
ದಿನಾ ಸಂಜೆ ಹೊಸ ಬೆಲೆಯೊಂದು ಒಳಗೆ,
ಎಲ್ಲಕ್ಕಿಂತ ಹಳೆಯದು ಹೊರಗೆ.
ಹೊಸ ನೀರು, ಹಳೆ ನೀರು.

ಕಂಪನಿ ಒಂದು ತವರದ ಗಣಿ,
ನೀರು ತುಂಬಿ ಮುಚ್ಚಿದ್ದನ್ನು ಮತ್ತೆ ತೆರೆಯುತ್ತೇವೆಂದು ಹೊರಟವರದು.
ಅವನ ಮುತ್ತಜ್ಜಿ ಅದರ ಬಾಯಲ್ಲಿ ಕೂತು
ಸುತ್ತಿಗೆಯಲ್ಲಿ ಅದಿರು ಒಡೆದವಳಂತೆ.
ತವರ ಅಂದಾಗ ನನಗೆ ಮೊದಲು ಕೇಳಿಸುವುದು ಲೋಹವಲ್ಲ.
ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?

‘ಅಗ್ಗ ಅಂತ ಕೊಳ್ಳಬೇಡ. ಅಗ್ಗಕ್ಕೆ ತಳವಿಲ್ಲ.
ಬೆಲೆ ಗೆರೆಯ ಮೇಲೆ ಬರಲಿ,
ಬಂದು ನಿಲ್ಲಲಿ,
ಗೆರೆಯೇ ತಲೆ ಎತ್ತಲಿ, ಆಮೇಲೆ.’
ಅಷ್ಟರಲ್ಲಿ ದುಬಾರಿ ಆಗಿರುತ್ತದಲ್ಲ?
‘ಆಗಿರುತ್ತದೆ. ಆ ನಾಕು ಪೆನ್ನಿ ನಿನ್ನ ನಿದ್ದೆಯ ಬೆಲೆ.’

ಫೆಬ್ರುವರಿಯ ಒಂದು ಮಂಗಳವಾರ ಬೆಲೆ ಗೆರೆ ದಾಟಿ ಎಗರಿತು.
ಗೆರೆ ಇನ್ನೂ ಕೆಳಮುಖ. ನನಗೆ ಕಾಣಿಸಿದ್ದು ಎಗರಾಟ ಮಾತ್ರ.
ಬಾಯ್ಲರ್ ರಿಪೇರಿಗೆ ಎತ್ತಿಟ್ಟ ದುಡ್ಡು,
ಎರಡು ಸಾವಿರ ಷೇರು, ನಲವತ್ತೊಂದು ಪೆನ್ಸಿನಂತೆ,
ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಸ್ಯಾಂಡ್‌ವಿಚ್.
ಶುಕ್ರವಾರ ಬೆಲೆ ಬಂದ ದಾರಿಗೆ ಸುಂಕವಿಲ್ಲದೆ ಮರಳಿತು.
ಏಪ್ರಿಲ್ಲಿಗೆ ಇಪ್ಪತ್ತೊಂಬತ್ತು.

ಡೆನ್ಝಿಲ್ ‘ಹೇಳಿದ್ದೆನಲ್ಲ’ ಅನ್ನಲಿಲ್ಲ.
ಕಟ್ಟೆಯ ತುದಿಗೆ ನಡೆಸಿಕೊಂಡು ಹೋದ,
ದೀಪಸ್ತಂಭದ ಮಗ್ಗುಲಿಗೆ, ಬೀಗ ಹಾಕಿದ ಒಂದು ಗೂಡಿನ ಬಳಿ.
‘ಇಲ್ಲಿ ಆರು ವರ್ಷ, ಹಗಲೂ ರಾತ್ರಿ, ಗಂಟೆಗೊಮ್ಮೆ
ಕಡಲನ್ನು ಅಳೆದು ಸರಾಸರಿ ತೆಗೆದರು.
ಒಳಗೊಂದು ಹಿತ್ತಾಳೆ ಗೂಟ. ಈ ದೇಶದ ಬೆಟ್ಟಗಳ ಎತ್ತರವೆಲ್ಲ
ಅದರಿಂದ ಶುರು.
ಒಂದೊಂದು ಅಲೆಯ ಮಾತು ಕೇಳಿದ್ದರೆ
ಯಾವ ಬೆಟ್ಟಕ್ಕೂ ಎತ್ತರವೇ ಇರುತ್ತಿರಲಿಲ್ಲ.’
ಆತುರಗಾರನಿಗೆ ಬುದ್ಧಿ ಮಟ್ಟ, ಅನ್ನುತ್ತಿದ್ದಳು ಅಜ್ಜಿ.
ಮಟ್ಟ ಅನ್ನುವ ಮಾತು ಕಡಲಿಗೂ ಸಲ್ಲುವುದು
ಅವತ್ತೇ ಹೊಳೆದದ್ದು.
ಅಷ್ಟರಲ್ಲಿ ಅಲೆಯೊಂದು ಕಟ್ಟೆ ಹತ್ತಿ ಇಬ್ಬರ ಬೂಟೂ ತೋಯಿಸಿತು.
‘ಇದನ್ನು ಲೆಕ್ಕಕ್ಕೆ ಹಿಡಿಯಬೇಡ’ ಅಂದ.

ಈಗ ನವೆಂಬರಿನ ಕೊನೆ. ಅವನ ಕೈ ನಡುಗುತ್ತದೆ,
ಪುಸ್ತಕ, ಪೆನ್ಸಿಲು, ಸವೆದ ರಬ್ಬರು ನನ್ನ ಮೇಜಿನ ಮೇಲೆ.
ಇವತ್ತು ಒಳಗೆ ಬಂದದ್ದು ನಲವತ್ತನಾಲ್ಕು.
ಹೊರಗೆ ಹೋದದ್ದು ನಲವತ್ತೊಂದು,
ಆ ಮಂಗಳವಾರ.
ಗೆರೆ ಅದನ್ನು ಮರೆತೇಬಿಟ್ಟಿತು.
ಮರೆಯಲು ಅದಕ್ಕೆ ಇನ್ನೂರು ದಿನ ಸಾಕು,
ನನ್ನ ಬಾಯ್ಲರ್ ಇನ್ನೂ ಕೆಟ್ಟೇ ಇದೆ.

ರಾತ್ರಿ ಫೋನ್.
‘ತಲೆ ಎತ್ತಿತಾ?’
ಕೂದಲೆಳೆಯಷ್ಟು.
‘ಇನ್ನೊಂದು ವಾರ ನೋಡು. ಇಲ್ಲ, ನಿನ್ನಿಷ್ಟ.
ಅಂದ ಹಾಗೆ ಇವತ್ತು ನನ್ನದು ನೂರ ಮೂವತ್ತೆಂಟು, ಗೊತ್ತಾ!’
ಒಂದು ಸಲದ ಅಂಕಿ, ಎಂದು ನಾನು ಶುರು ಮಾಡುವಷ್ಟರಲ್ಲಿ
ನಗುತ್ತ ಇಟ್ಟೇಬಿಟ್ಟ.
ಅಡುಗೆಮನೆಯಲ್ಲಿ
ನಾಲ್ಕನೆಯ ಸಲ ಕೂಗುತ್ತಿತ್ತು
ಸ್ನಾನದ ನೀರಿನ ಕೆಟಲ್.