ಚಾಂದಬೀ ಡಬ್ಬಿ

ಸೇಡಂನ ಮನೆ ಬಾಗಿಲಲ್ಲಿ ತಕ್ಕಡಿ ಹಿಡಿದು
ಕೂತಿದ್ದ ಭಂಗಾರದವ.
ತವೆ, ಸ್ಟೌ, ತಳ ಹೋದ ಕೊಡ,
ಅವ್ವನ ಟ್ರಂಕು: ಹನ್ನೊಂದು ಕಿಲೋ ಅಂದ.

ಡಬ್ಬಿ ಒಂದನ್ನು ಬದಿಗಿಟ್ಟೆ.
ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು,
ಚಾಂದಬೀ, ೧೯೯೧.
ಹಿಂದಿನ ಓಣಿಯಾಕಿ. ನಮ್ಮದಲ್ಲ.

"ಖಾಲಿ ಡಬ್ಬಿ ಹೊಳ್ಳಿ ಕೊಡಬಾರದು"
ಅಂತಿದ್ದಳು ಅವ್ವ.
ತುಂಬಿ ಕೊಡಲಿಕ್ಕೆ ಏನೂ ಇಲ್ಲದ
ತಿಂಗಳೊಂದು ಬಂದಿರಬೇಕು.
ಆಮೇಲೆ ನಾಚಿಕೆ. ಆಮೇಲೆ ಮೂವತ್ತು ವರ್ಷ.

ಅಡಿಗೆಮನೆಯಲ್ಲಿ ಉಳಿದದ್ದು ಎರಡು ಬೊಗಸೆ ತೊಗರಿಬ್ಯಾಳಿ,
ಅದಕ್ಕೂ ಹುಳ.
ತಗಡಿನ ಮೊರಕ್ಕೆ ಸುರಿದು
ತಣ್ಣನೆ ಪರಸಿ ಮೇಲೆ ಆರಿಸುತ್ತ ಕೂತೆ,
ಅವಳು ಕೂಡುತ್ತಿದ್ದಂತೆ, ಒಂದು ಕಾಲು ಚಾಚಿ.

"ಮೊರಾನೂ ಹಾಕ್ತೀರೇನ್ರೀ?"
ತಕ್ಕಡಿ ಎತ್ತಿದ ಭಂಗಾರದವ.

ತಡಿಯಪಾ,
ಇನ್ನಾ ಕಲ್ಲಾವ.